ಬುಧವಾರದ ಫೋಟೋ

ನನ್ನ ಕ್ಯಾಮೆರಾ ಚೀಲದಲ್ಲಿ ಕ್ಯಾಮೆರಾಕ್ಕಿಂತ ಎಷ್ಟೋ ಹಳೆಯದಾದ ಒಂದು ವಸ್ತು ಇದೆ. ದುಂಡನೆಯ ತಗಡಿನ ಡಬ್ಬಿ. ಯಾವುದೋ ಕಾಲದಲ್ಲಿ ಅದರೊಳಗೆ ಪೆಪ್ಪರಮಿಂಟು ಇತ್ತಂತೆ. ನನಗೆ ಬುದ್ಧಿ ಬಂದಾಗಿನಿಂದ ಇರುವುದು ಸೇಫ್ಟಿ ಪಿನ್ನು. ಮುಚ್ಚಳದ ಮೇಲಿನ ಚಿತ್ರ ಸವೆದು ಸವೆದು ಈಗ ಒಬ್ಬ ಹೆಂಗಸಿನ ಅರ್ಧ ನಗು ಮಾತ್ರ ಉಳಿದಿದೆ. ಬ್ಯಾಟರಿ ಮರೆತು ಮದುವೆಮನೆಗೆ ಹೋದವಳು ನಾನು. ಚಿತ್ತಾಕುಲದ ಒಂದು ಮುಂಜಿಗೆ ಕ್ಯಾಮೆರಾವನ್ನೇ ಮರೆತು ಹೋಗಿ, ವಟು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಾಳಿ ಸೇತುವೆ ದಾಟಿ ಕಾರವಾರಕ್ಕೆ ಬಂದು ತಂದವಳೂ ನಾನೇ. ಆದರೆ ಪಿನ್ನಿನ ಡಬ್ಬಿಯನ್ನು ಒಂದು ದಿನವೂ ಮರೆತಿಲ್ಲ.

ಹೋದ ತಿಂಗಳು ಒಂದು ಮುಂಜಾನೆ ಹೀಗೇ ಚೀಲ ತುಂಬುತ್ತಿದ್ದೆ. ಕೈ ತನ್ನಷ್ಟಕ್ಕೆ ಡಬ್ಬಿಯನ್ನು ಎತ್ತಿಕೊಂಡಿತು. ಅಲ್ಲಿಯೇ ನಿಂತುಬಿಟ್ಟಿತು. ಇವತ್ತಿನ ಕೆಲಸಕ್ಕೆ ಪಿನ್ನು ಯಾಕೆ? ಇವತ್ತಿನದು ಪಿನ್ನು ಚುಚ್ಚುವ ಫೋಟೋ ಅಲ್ಲವಲ್ಲ, ಬಿಚ್ಚುವ ಫೋಟೋ. ನನಗೆ ನಗು ಬಂತು, ಅದರ ಹಿಂದೆಯೇ ಹೆದರಿಕೆಯೂ ಬಂತು. ಇರಲಿ, ಮೊದಲು ಡಬ್ಬಿಯ ವಿಷಯ ಹೇಳುತ್ತೇನೆ. ಹೆದರಿಕೆಯದು ಆಮೇಲೆ.

ಡಬ್ಬಿ ನನ್ನ ಅಪ್ಪನದು. ಅಪ್ಪ ಅಂಕೋಲೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಜಿಲೇಬಿ ಅಂಗಡಿಯ ಪಕ್ಕದ ಮರದ ಏಣಿ ಹತ್ತಿ ಹೋದರೆ ಒಂದು ಕತ್ತಲೆ ಕೋಣೆ, ಒಂದು ಬೆಳಕಿನ ಕೋಣೆ. ಬೆಳಕಿನ ಕೋಣೆಯ ಗೋಡೆಗೆ ಪರದೆ. ಅದರ ಮೇಲೆ ಕೊಳ, ಮೆಟ್ಟಿಲು, ಚಂದ್ರ, ಎರಡು ಹಂಸ. ಬಣ್ಣ ಬಳಿದಾತ ಹಂಸ ನೋಡಿದವನಲ್ಲ, ಗದ್ದೆಯ ಬೆಳ್ಳಕ್ಕಿ ನೋಡಿದವನು. ಹಾಗಾಗಿ ನಮ್ಮ ತಾಲೂಕಿನ ಅರ್ಧ ಜನ ಬೆಳ್ಳಕ್ಕಿಗಳ ಮುಂದೆ ನಿಂತು ಮದುವೆಯ ಫೋಟೋ ತೆಗೆಸಿಕೊಂಡಿದ್ದಾರೆ. ಕನ್ನಡಿಯ ಪಕ್ಕದಲ್ಲಿ ದಾರ ಕಟ್ಟಿದ ಬಾಚಣಿಕೆ, ಪೌಡರು, ಮತ್ತು ಎಲ್ಲರಿಗೂ ಒಂದೇ ಕಪ್ಪು ಕೋಟು. ಆ ಕೋಟಿನೊಳಗೆ ಹೋಗಿ ಬಂದ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಬಸ್ ಸ್ಟ್ಯಾಂಡಿನಿಂದ ಸಮುದ್ರದವರೆಗೆ ಆಗಬಹುದು.

ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ ಅಪ್ಪ ಕಪ್ಪು ಬಟ್ಟೆಯೊಳಗೆ ತಲೆ ತೂರಿಸುತ್ತಿದ್ದ. ಒಳಗಿನಿಂದ ದನಿ ಮಾತ್ರ ಬರುತ್ತಿತ್ತು: "ಅಕ್ಕಾ, ಸೆರಗು ಸರಿ ಮಾಡ್ಕಳಿ." ಆಮೇಲೆ ಕ್ಲಿಕ್. ಕ್ಯಾಮೆರಾ ನಡೆಯುವುದೇ ಈ ಮಂತ್ರದಿಂದ ಎಂದು ನಾನು ಬಹಳ ವರ್ಷ ನಂಬಿದ್ದೆ. ಬೆಂಕಿಪೆಟ್ಟಿಗೆಯ ಕ್ಯಾಮೆರಾ ಮಾಡಿಕೊಂಡು ಅಂಗಳದ ಕೋಳಿಗಳಿಗೂ "ಸೆರಗು ಸರಿ ಮಾಡ್ಕಳಿ" ಎನ್ನುತ್ತಿದ್ದೆನಂತೆ. ಅಪ್ಪನ ನಂತರ ನಾನು ಕಾರವಾರದಲ್ಲಿ ಸ್ಟುಡಿಯೋ ತೆರೆದಾಗ ಬಂದ ಆಸ್ತಿಯೆಂದರೆ ಈ ಡಬ್ಬಿ ಮತ್ತು ಈ ಮಂತ್ರ. ಇಪ್ಪತ್ತು ವರ್ಷದಿಂದ ಹೇಳಿ ಹೇಳಿ ಅದು ನನ್ನ ಬೆರಳಿಗೂ ನಾಲಿಗೆಗೂ ಒಂದೇ ನರವಾಗಿ ಹೋಗಿದೆ. ಗುಂಡಿ ಒತ್ತುವ ಮೊದಲು ಬಾಯಿ ತಾನಾಗಿ ಹೇಳುತ್ತದೆ. ಒಮ್ಮೆ ನೌಕರಿಯ ಅರ್ಜಿಗೆ ಫೋಟೋ ಬೇಕೆಂದು ಬಂದಿದ್ದ ದಪ್ಪ ಮೀಸೆಯ ಗಂಡಸೊಬ್ಬನಿಗೂ ಹೇಳಿದ್ದೆ. ಪಾಪ, ಅವನು ಹೆಗಲು ಮುಟ್ಟಿ ನೋಡಿಕೊಂಡ.

ಈ ಮಂತ್ರ ಕೆಲಸ ಮಾಡದೇ ಹೋದದ್ದನ್ನು ನಾನು ಒಂದೇ ಸಲ ನೋಡಿದ್ದೆ. ಆಗ ನನಗೆ ಎಂಟೋ ಒಂಬತ್ತೋ. ಅಗಸೂರಿನ ಕಡೆಯಿಂದ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರು ಇಶಾಡ ಮಾವಿನಹಣ್ಣಿನ ಬುಟ್ಟಿಯನ್ನು ಏಣಿಯ ಬುಡದಲ್ಲಿಟ್ಟು ಮೇಲೆ ಬಂದರು. ಯಾವುದೋ ಕಾರ್ಡಿಗೆ ಫೋಟೋ ಬೇಕಿತ್ತು. ಕುತ್ತಿಗೆಯಿಂದ ಎದೆಯವರೆಗೆ ಕರಿಮಣಿ ಸರಗಳ ರಾಶಿ, ಕುಪ್ಪಸವಿಲ್ಲದೆ ಹೆಗಲಿಗೆ ಗಂಟು ಹಾಕಿ ಉಟ್ಟ ಸೀರೆ, ಬಿಸಿಲಿಗೆ ಮಿರಿಮಿರಿ ಮಿಂಚುವ ಬರಿಯ ಭುಜ. ಅಂಕೋಲೆಯ ಪೇಟೆಯಲ್ಲಿ ಬೆಳೆದ ನಮಗೆ ಅದು ತಿರುಗಿ ನೋಡುವ ಸಂಗತಿಯೇ ಅಲ್ಲ. ಅಪ್ಪನೂ ನೋಡದೆಯೇ ಬಟ್ಟೆಯೊಳಗಿನಿಂದ ಹೇಳಿದ, "ಅಜ್ಜೀ, ಸೆರಗು ಸರಿ ಮಾಡ್ಕ."

ಅಜ್ಜಿ ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಬಗ್ಗಿ ತಮ್ಮನ್ನು ತಾವೇ ಒಮ್ಮೆ ನೋಡಿಕೊಂಡರು. ಆಮೇಲೆ ಕೇಳಿದರು, "ತಪ್ಪಾದ್ರೆ ಅಲ್ದ ಸರಿ ಮಾಡುದು? ಇಲ್ಲಿ ಎಂತ ತಪ್ಪಾಗ್ಯದೆ ಮಗಾ?"

ಅಪ್ಪ ಬಟ್ಟೆಯಿಂದ ತಲೆ ಹೊರಗೆ ತೆಗೆದ. ಅಜ್ಜಿಯನ್ನು ಈಗ ಸರಿಯಾಗಿ ನೋಡಿದ. ಮತ್ತೆ ಒಳಗೆ ಹೋದ. ಆಗೆಲ್ಲ ನೆಗೆಟಿವ್ ತೊಳೆದ ಮೇಲೆ ಗಾಜಿನ ಮೇಲಿಟ್ಟು, ಮೊನಚು ಪೆನ್ಸಿಲಿನಿಂದ ಮುಖದ ಕಲೆ ಗೆರೆಗಳನ್ನು ತಿದ್ದುವ ಕೆಲಸ ಇರುತ್ತಿತ್ತು, ಟಚಿಂಗ್ ಎನ್ನುತ್ತಿದ್ದೆವು. ತಾಲೂಕಿನ ಸಿಡುಬಿನ ಕಲೆಗಳೆಲ್ಲ ಅಪ್ಪನ ಪೆನ್ಸಿಲಿನ ತುದಿಯಲ್ಲಿ ವಾಸಿಯಾಗಿದ್ದವು. ಅಜ್ಜಿಯ ನೆಗೆಟಿವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ಅಪ್ಪ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡುಬಿಟ್ಟ. "ತಿದ್ದುಕೆ ಅಜ್ಜಿ ಜಾಗಾನೇ ಬಿಡ್ಲಿಲ್ಲ" ಎಂದ.

ಇನ್ನು ಹೆದರಿಕೆಯ ವಿಷಯಕ್ಕೆ ಬರುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಅಂಕೋಲೆಯ ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಅಕ್ಕೋರು ಒಬ್ಬರಿದ್ದಾರೆ. ಹೆಸರು ಹೇಳುವುದಿಲ್ಲ. ಅಮದಳ್ಳಿಯಲ್ಲಿ ಅವರ ಮನೆ ಎಂದು ಬರೆಯುತ್ತೇನೆ, ಹಾಗೆಂದು ನೀವು ಅಮದಳ್ಳಿಯಲ್ಲಿ ಹುಡುಕಬೇಡಿ. ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಕೇಳಿದಾಗ, "ಬರಿ, ಅಡ್ಡಿಲ್ಲ. ಒತ್ತಕ್ಷರ ತಪ್ಪಿದ್ರೆ ಮಾತ್ರ ನೋಡು" ಎಂದರು.

ಅಕ್ಕೋರ ಸೆರಗು ಅಂದರೆ ಸೆರಗು. ಐದು ನೆರಿಗೆ, ಒಂದರ ಮೇಲೊಂದು ಅಳತೆಪಟ್ಟಿ ಇಟ್ಟು ಮಡಚಿದ ಹಾಗೆ. ಹೆಗಲ ಮೇಲೊಂದು ಪಿನ್ನು, ಬೆನ್ನ ಹಿಂದೆ ಇನ್ನೊಂದು, ಯಾರಿಗೂ ಕಾಣದ ಕಡೆ ಮೂರನೆಯದು. ನಾನು ಮೊದಲ ಸಲ ಸೀರೆ ಉಟ್ಟದ್ದು ಶಾಲೆಯ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ. ವೇದಿಕೆ ಹತ್ತುವ ಮೊದಲು ಅಕ್ಕೋರು ತಮ್ಮ ಪರ್ಸಿನಿಂದ ಪಿನ್ನು ತೆಗೆದು ನನಗೆ ಚುಚ್ಚಿದರು. ಚುಚ್ಚಿದರು ಎಂದರೆ ನಿಜವಾಗಿಯೇ ಚುಚ್ಚಿದರು. ಸ್ವಾಗತಗೀತೆಯ ಮೊದಲ ಸಾಲಿನಲ್ಲಿ ನನ್ನ ದನಿ ಒಮ್ಮೆಲೇ ಮೇಲಕ್ಕೆ ಹೋದದ್ದಕ್ಕೆ ಅದೇ ಕಾರಣ. ಜನ ಅದನ್ನು ಸಂಗೀತ ಅಂದುಕೊಂಡು ಚಪ್ಪಾಳೆ ತಟ್ಟಿದರು.

ಇಂಥ ಅಕ್ಕೋರು, ನಿವೃತ್ತರಾಗಿ ಒಂದು ವರ್ಷವಾದ ಮೇಲೆ, ನನಗೆ ಫೋನು ಮಾಡಿದರು. ಅವರ ದನಿ ಕೇಳಿದ ಕೂಡಲೇ ನಾನು ಕುರ್ಚಿಯಿಂದ ಎದ್ದು ನಿಂತೆ.

"ಶೈಲಾ, ನಂಗೊಂದು ಫೋಟೋ ತೆಗೆಸ್ಬೇಕಾಗಿತ್ತು. ಬೂದ್ವಾರ್."

"ಬುಧವಾರವಾ ಅಕ್ಕೋರೆ? ಅಡ್ಡಿಲ್ಲ, ಬುಧವಾರ ನಾನು ಖಾಲಿಯೇ. ನೀವೇ ಬರ್ತ್ರಾ?"

"ಇಲ್ಲ, ಅದು ಮನೇಲೇ ತೆಗಿಯುದಲ್ದ? ನೀನೇ ಬಾ."

ಪಾಪ, ನನ್ನ ಸ್ಟುಡಿಯೋದ ಮೆಟ್ಟಿಲು ಹತ್ತಲಾರರೇನೋ ಎಂದುಕೊಂಡೆ. ಪೆನ್ಶನ್ ಕಾಗದಕ್ಕೆ ಇರಬೇಕು ಎಂದು ಡೈರಿಯಲ್ಲಿ "ಅಕ್ಕೋರು, ಪಾಸ್‌ಪೋರ್ಟ್ ಸೈಜ್, ಬುಧವಾರ" ಎಂದು ಬರೆದೆ. ಎರಡು ದಿನ ಬಿಟ್ಟು ಅವರೇ ಮತ್ತೆ ಫೋನು ಮಾಡಿ ಎಂಥ ಬಟ್ಟೆ ಹಾಕಿಕೊಳ್ಳಬೇಕು ಎಂದು ಕೇಳಿದರು. ನಾನು ದಿನಕ್ಕೆ ಹತ್ತು ಸಲ ಹೇಳುವ ಪಾಠ ಒಪ್ಪಿಸಿದೆ: "ಬಿಳಿ ಬಣ್ಣ ಬೇಡ ಅಕ್ಕೋರೆ, ಹಿಂದಿನ ಪರದೆಗೆ ಕೂಡಿಹೋಗ್ತದೆ. ಕನ್ನಡಕ ತೆಗಿಬೇಕು. ಎರಡೂ ಕಿವಿ ಸ್ಪಷ್ಟ ಕಾಣ್ಬೇಕು."

ಆ ಕಡೆ ದಪ್ಪ ಪುಸ್ತಕವೊಂದನ್ನು ಮುಚ್ಚಿದ ಸದ್ದಾಯಿತು.

"ಕಿವಿ ಕಂಡ್ರೆ ಸಾಕೇನೆ?"

"ಹೌದ್ ಅಕ್ಕೋರೆ, ಈಗೆಲ್ಲ ಕಿವಿಯೇ ಮುಖ್ಯ."

"ಶೈಲಾ," ಎಂದರು. ತಪ್ಪು ಉತ್ತರ ಹೇಳಿದಾಗ ಹೀಗೆಯೇ ಹೆಸರು ಕರೆಯುತ್ತಿದ್ದರು. "ಫೋನಿನಲ್ಲಿ ಕಾಣುವ ನಿನ್ನ ಸ್ಟುಡಿಯೋದ ಪುಟದಲ್ಲಿ ನೀನೇ ಹಾಕಿದ್ದೆ ಅಲ್ದ? ಮದ್ವೆ, ಸೀಮಂತ, ನಾಮಕರಣ, ಬೂದ್ವಾರ್. ನಾ ಹೇಳುದು ವಾರ ಅಲ್ಲ. ಆ ಫೋಟೋ."

ನಾನು ಕುಳಿತುಕೊಂಡೆ. ಆ ಪುಟದ ಗುಟ್ಟು ಈಗ ನಿಮಗೂ ಹೇಳಿಬಿಡುತ್ತೇನೆ. ಗೋವಾದ ದೊಡ್ಡ ಸ್ಟುಡಿಯೋ ಒಂದರ ಪಟ್ಟಿ ನೋಡಿ, ಚಂದ ಕಾಣಲಿ ಎಂದು ನಾನು ಪೂರ್ತಿ ಎತ್ತಿ ಹಾಕಿಕೊಂಡಿದ್ದೆ. ಅದರಲ್ಲಿ boudoir ಎಂಬ ಈ ಶಬ್ದವೂ ಇಂಗ್ಲಿಷಿನಲ್ಲಿ ಇತ್ತು. ಹೇಗೆ ಉಚ್ಚರಿಸಬೇಕೆಂದು ಗೊತ್ತಿರಲಿಲ್ಲ, ಕಾರವಾರದಲ್ಲಿ ಯಾರು ಕೇಳುತ್ತಾರೆ ಎಂಬ ಧೈರ್ಯ ಇತ್ತು. ಇಂಥದ್ದೊಂದು ಇದೆ ಎಂದು ಮಾತ್ರ ಗೊತ್ತಿತ್ತು: ಹೆಂಗಸು ತನ್ನದೇ ಕೋಣೆಯಲ್ಲಿ, ತನ್ನದೇ ಮಂಚದ ಮೇಲೆ, ತನಗೆ ಬೇಕಾದಷ್ಟೇ ಉಟ್ಟು, ತನಗೋಸ್ಕರ ತೆಗೆಸಿಕೊಳ್ಳುವ ಫೋಟೋ. ತೆಗೆದದ್ದು? ಒಂದೂ ಇಲ್ಲ.

"ಅಕ್ಕೋರೆ, ಅದು ನಾನು... ಬೇರೆಯವರದ್ದು ನೋಡಿ ಬರ್ದದ್ದು."

"ಕಾಪಿ ಹೊಡಿಯುದು ಇನ್ನೂ ಬಿಡ್ಲಿಲ್ಲ ನೀನು." ಬೈದದ್ದಲ್ಲ, ನಗುತ್ತಿದ್ದರು. "ನಾನು ಡಿಕ್ಷನರಿ ನೋಡ್ದೆ. ಫ್ರೆಂಚರ ಶಬ್ದ. ಮೂಲದಲ್ಲಿ ಮುನಿಸಿಕೊಂಡು ಕೂರುವ ಕೋಣೆ ಅಂತ ಅರ್ಥ. ನಮ್ಮ ರಾಣಿಯರಿಗೆಲ್ಲ ಕೋಪಗೃಹ ಇರ್ಲಿಲ್ವ, ಹಂಗೆ. ಮೂವತ್ತೈದು ವರ್ಷದ ನೌಕರಿಯಲ್ಲಿ ನಂಗೆ ಮುನಿಸಿಕೊಳ್ಳುಕೂ ಪುರುಸೊತ್ತಾಗ್ಲಿಲ್ಲ ನೋಡು." ಆಮೇಲೆ ದನಿ ಸ್ವಲ್ಪ ಇಳಿಯಿತು. "ಮದ್ವೆ ಆದವ್ರಿಗೆ ಒಂದು ಆಲ್ಬಮ್ಮಾದ್ರೂ ಇರ್ತದೆ ತಂಗಿ. ನಂಗೆ ಗ್ರೂಪ್ ಫೋಟೋ, ಇಲೆಕ್ಷನ್ ಡ್ಯೂಟಿಯ ಕಾರ್ಡು. ಎಲ್ಲದ್ರಲ್ಲೂ ಇರುದು ಅಕ್ಕೋರು. ನಾನು ಒಂದ್ರಲ್ಲೂ ಇಲ್ಲ. ಒಂದ್ಸಲ ನೋಡ್ಬೇಕು ಅನಿಸ್ತದೆ, ನಾ ಹೆಂಗ್ ಕಾಣ್ತೆ ಅಂತ. ಒಂದೇ ಸಲ. ಫೋಟೋ ಸರಿ ಬರ್ಲಿಲ್ಲ ಅಂದ್ರೆ ಇನ್ನೊಬ್ರ ಮುಂದೆ ಹೋಗಿ ಕೂರುವವಳಲ್ಲ ನಾನು."

ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದವಳು, "ಅಡ್ಡಿಲ್ಲ ಅಕ್ಕೋರೆ" ಎಂದೆ. ಒಪ್ಪಿಕೊಂಡದ್ದು ಧೈರ್ಯದಿಂದಲ್ಲ, ಅಭ್ಯಾಸಬಲದಿಂದ. ಆದರೆ ಫೋನು ಇಟ್ಟ ಮೇಲೆ ಒಂದು ಸಂಗತಿ ಸ್ಪಷ್ಟವಾಗಿತ್ತು. ಇದು ಕೆಟ್ಟರೆ ಫೋಟೋ ಮಾತ್ರ ಕೆಡುವುದಲ್ಲ; ಅರವತ್ತು ವರ್ಷಕ್ಕೆ ಒಮ್ಮೆ ತೆರೆದ ಬಾಗಿಲನ್ನು ನಾನು ಮುಚ್ಚಿಸಿದ ಹಾಗೆ ಆಗುತ್ತದೆ.

ತಯಾರಿ ಶುರುವಾಯಿತು. ಫೋನಿನಲ್ಲಿ ವಿದೇಶದ ಒಬ್ಬಾಕೆ ಇಂಥ ಫೋಟೋ ತೆಗೆಯುವುದನ್ನು ಕಲಿಸುತ್ತಾಳೆ. ಅವಳದು ಬಹಳ ಸುಲಭ. ಬೆನ್ನು ಬಾಗಿಸಿ, ಗದ್ದ ಇಳಿಸಿ, ತುಟಿ ಸಡಿಲ ಬಿಡಿ, ಪ್ರಿಯಕರನನ್ನು ನೆನೆಯಿರಿ ಎನ್ನುತ್ತಾಳೆ. ಸಂಧಿ ತಪ್ಪಿದ್ದಕ್ಕೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದವರಿಗೆ ನಾನು ಇದನ್ನು ಯಾವ ಕನ್ನಡದಲ್ಲಿ ಹೇಳಲಿ? ಕನ್ನಡಿಯ ಮುಂದೆ ನಿಂತು, "ಅಕ್ಕೋರೆ, ದಯವಿಟ್ಟು ತಾವು ಸ್ವಲ್ಪ ಒರಗಿಕೊಳ್ಳೋಣವಾಗಲಿ" ಎಂದು ಹೇಳಿ ನೋಡಿದೆ. ಯಕ್ಷಗಾನದ ಮಂತ್ರಿಯ ಹಾಗೆ ಕೇಳಿಸಿತು.

ಕೊನೆಗೆ ನನ್ನ ಮೇಲೇ ಪ್ರಯೋಗ ಮಾಡುವುದೆಂದು ತೀರ್ಮಾನಿಸಿದೆ. ಮನೆಯವರು ಆಫೀಸಿಗೆ ಹೋದ ಮೇಲೆ ಕೋಣೆಯ ಬಾಗಿಲು ಎಳೆದು, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಹತ್ತು ಸೆಕೆಂಡಿನ ಟೈಮರ್ ಇಟ್ಟು ಮಂಚಕ್ಕೆ ಓಡಿದೆ. ವಿದೇಶದಾಕೆ ಹೇಳಿದಂತೆ ಒಂದು ಕೈ ತಲೆಯ ಕೆಳಗೆ, ಒಂದು ಮೊಣಕಾಲು ಮೇಲೆ, ಸೊಂಟ ಆ ಕಡೆ, ಮುಖ ಈ ಕಡೆ. ಏಳನೆಯ ಸಲಕ್ಕೆ ಏಳಲಿಕ್ಕೆ ಆಗಲಿಲ್ಲ. ಆಗಲೇ ನನ್ನ ಜೊತೆಗೇ ಇರುವ ಆಯಿ, ಅಂದರೆ ಅಮ್ಮ, ಬಾಗಿಲು ತಳ್ಳಿಕೊಂಡು ಬಂದಳು.

"ಅಯ್ಯ ದೇವ್ರೆ! ನಡ ಹಿಡ್ಕಂತೇನೆ? ಎಣ್ಣೆ ತರ್ಲಾ?"

ಆಯಿಗೆ ಹೇಳಲೇಬೇಕಾಯಿತು, ಯಾರದು ಎಂದು ಮಾತ್ರ ಹೇಳಲಿಲ್ಲ. ಅವಳು ಬಯ್ಯಬಹುದು ಎಂದುಕೊಂಡಿದ್ದೆ. ಅವಳು ಎಣ್ಣೆಯ ಬಟ್ಟಲು ಹಿಡಿದು ಮಂಚದ ತುದಿಗೆ ಕೂತು, ನನ್ನ ಸೊಂಟ ತಿಕ್ಕುತ್ತ, ಬೇರೆಯೇ ಒಂದು ದೂರು ತೆಗೆದಳು. "ಊರ ಹೆಂಗಸ್ರನ್ನೆಲ್ಲ ಕೂರಿಸಿ ಕೂರಿಸಿ ತೆಗ್ದ ನಿನ್ನ ಅಪ್ಪ. ನಂದೊಂದು ತೆಗಿ ಅಂದ್ರೆ, ಇವತ್ತು ಲೈಟ್ ಸಾಲುದಿಲ್ಲ ಹೇಳುವ. ನಲವತ್ತು ವರ್ಷ ಲೈಟ್ ಸಾಲ್ಲೇ ಇಲ್ಲ." ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿದ್ದ ಅಪ್ಪ ಎಂದಿನಂತೆ ನಗುತ್ತಿದ್ದ. ಆಯಿ ಏಳುವಾಗ ಹೇಳಿದಳು, "ಮೊದ್ಲು ಒಟ್ಟಿಗೆ ಕೂತು ಚಾ ಕುಡೀರಿ. ಹೆದರ್ದವ್ರು ಚಂದ ಕಾಣುದಿಲ್ಲ. ನೀನೂ ಕುಡಿ."

ಜಾಗ ನೋಡಿಕೊಂಡು ಬರಲು ಮೊದಲೇ ಒಂದು ದಿನ ಅಮದಳ್ಳಿಗೆ ಹೋದೆ. ಅಕ್ಕೋರ ಮಲಗುವ ಕೋಣೆಗೆ ಮಾಡಿನಲ್ಲಿ ಎರಡು ಗಾಜಿನ ಹಂಚು ಇದ್ದವು. ಹತ್ತು ಗಂಟೆಯ ಬಿಸಿಲು ಅದರಿಂದ ಇಳಿದು ಮಂಚದ ಮೇಲೆ ಬೀಳುತ್ತಿತ್ತು. ಆ ಬೆಳಕು ನೋಡಿ ನನ್ನ ಅರ್ಧ ಹೆದರಿಕೆ ಹೋಯಿತು. ಕಿಟಕಿಯ ತೊಂದರೆ ಒಂದಿತ್ತು. ಪಕ್ಕದ ಮನೆ ದೂರವೇ ಇದೆ, ಆದರೆ ಹಿತ್ತಿಲಿನಲ್ಲಿ ಏಳು ತೆಂಗಿನಮರ.

"ಪರದೆ ಹಾಕಿದ್ರೆ ಆಯ್ತಲ್ದ?" ಎಂದರು ಅಕ್ಕೋರು.

"ಪರದೆ ಹಾಕ್ಬಹುದು ಅಕ್ಕೋರೆ, ಕಾಯಿ ಕೊಯ್ಯುವವ ಮರ ಹತ್ತಿದ್ರೆ ಗಾಜಿನ ಹಂಚಿನಲ್ಲೇ ಕಾಣ್ತದೆ."

ಇಬ್ಬರೂ ತಲೆ ಎತ್ತಿ ಹಂಚು ನೋಡಿದೆವು. ಕಾಯಿ ಕೊಯ್ಯುವವನು ಯಾವ ದಿನ ಬರುತ್ತಾನೆ, ಯಾವ ದಿನ ಬರುವುದೇ ಇಲ್ಲ ಎಂದು ಅಕ್ಕೋರು ಬೆರಳು ಮಡಚಿ ವಿಚಾರ ಮಾಡಿದರು. ಅವನು ಖಂಡಿತ ಬರದ ದಿನ ವಾರದಲ್ಲಿ ಒಂದೇ ಇತ್ತು. ಬುಧವಾರ! ಅಕ್ಕೋರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಡೈರಿಯಲ್ಲಿ ಬರೆದದ್ದು ಸರಿಯೇ ಇತ್ತು. ಪಾಸ್‌ಪೋರ್ಟ್ ಸೈಜ್ ಎನ್ನುವುದನ್ನು ಮಾತ್ರ ಹೊಡೆದುಹಾಕಿದೆ.

ಬಟ್ಟೆಯ ಪ್ರಶ್ನೆ ಉಳಿದಿತ್ತು. ಅಕ್ಕೋರು ಕಪಾಟಿನಿಂದ ಒಂದು ಪೊಟ್ಟಣ ತಂದು ನನ್ನ ಮಡಿಲಿಗೆ ಹಾಕಿದರು. ಪಾರ್ಸೆಲ್ಲಿನಲ್ಲಿ ತರಿಸಿದ್ದು, ಕಪ್ಪು ಜಾಲರಿಯದು. ಎಲ್ಲಿ ತಲೆ, ಎಲ್ಲಿ ಕೈ ಎಂದು ನಮಗಿಬ್ಬರಿಗೂ ಗೊತ್ತಾಗಲಿಲ್ಲ. "ಹಾಕಿ ನೋಡ್ದೆ ಮಾರಾಯ್ತಿ. ಕನ್ನಡೀಲಿ ನೋಡಿದ್ರೆ ಬಲೇಲಿ ಸಿಕ್ಕ ಬಂಗಡೆ" ಎಂದರು. ನಾವು ನಕ್ಕೆವು. ನಕ್ಕು ಮುಗಿದ ಮೇಲೆ ಅವರು ಕಪಾಟಿನ ತಳದಿಂದ ಇನ್ನೊಂದನ್ನು ತೆಗೆದರು. ಅವರ ಆಯಿಯ ಹಳೆಯ ನೂಲಿನ ಸೀರೆ, ತೊಳೆದು ತೊಳೆದು ಬೆಣ್ಣೆಯಂತೆ ಮೆತ್ತಗಾಗಿತ್ತು. "ಇದನ್ನೇ ಉಡ್ತೆ. ಬರೇ ಇದು. ಕುಪ್ಪಸ ಇಲ್ಲ, ನೆರಿಗೆ ಇಲ್ಲ, ಪಿನ್ನು ಇಲ್ಲ." ಹೇಳುವಾಗ ಅವರ ಕಿವಿ ಕೆಂಪಾಗಿತ್ತು.

ನನ್ನ ನಿಜವಾದ ಶತ್ರು ಯಾರೆಂದು ಆಗಲೇ ನನಗೆ ಹೊಳೆದದ್ದು. ಬೆಳಕಲ್ಲ, ತೆಂಗಿನಮರವಲ್ಲ. ನನ್ನ ನಾಲಿಗೆ. ಪಿನ್ನು ಬಿಚ್ಚಿಡಲು ಮೂವತ್ತೈದು ವರ್ಷ ಕಾದ ಹೆಂಗಸಿಗೆ, ಗುಂಡಿ ಒತ್ತುವ ಹೊತ್ತಿನಲ್ಲಿ ನಾನು ಆ ಮಂತ್ರ ಹೇಳಿಬಿಟ್ಟರೆ? ಮನೆಗೆ ಬಂದು ಒಂದು ಚೀಟಿಯಲ್ಲಿ "ಸೆ. ಬೇಡ" ಎಂದು ಬರೆದು ಕ್ಯಾಮೆರಾದ ಬೆನ್ನಿಗೆ ಅಂಟಿಸಿದೆ. ಒಂದು ಮುಂಜಾನೆ ಡಬ್ಬಿ ಹಿಡಿದು ನಿಂತಿದ್ದೆ ಎಂದೆನಲ್ಲ, ಅದು ಈ ಬುಧವಾರದ ಮುಂಜಾನೆ. ಕೊನೆಗೆ ಡಬ್ಬಿಯನ್ನೂ ಚೀಲಕ್ಕೆ ಹಾಕಿದೆ. ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ಅಕ್ಕೋರು ಬಾಗಿಲಲ್ಲೇ ವರದಿ ಕೊಟ್ಟರು: "ಮೀನಿನವಳು ಬಂದು ಹೋದ್ಲು, ಬಂಗಡೆ ತಕಂಡೆ, ಇನ್ನು ಯಾರೂ ಬರುದಿಲ್ಲ." ಆಯಿ ಹೇಳಿದಂತೆ ಚಾ ಕುಡಿದೆವು. ಅವರು ಒಳಗೆ ಹೋಗಿ ಸೀರೆ ಉಟ್ಟು ಬಂದರು. ಕೂದಲು ಬಿಟ್ಟಿದ್ದರು. ಅಷ್ಟು ಉದ್ದದ ಕೂದಲು ಆ ತುರುಬಿನೊಳಗೆ ಇದ್ದದ್ದು ನಮ್ಮ ಇಡೀ ಶಾಲೆಗೆ ಗೊತ್ತಿರಲಿಲ್ಲ, ಅರ್ಧ ಬಿಳಿ, ಅರ್ಧ ಕಪ್ಪು. ಎಡಭುಜ ಬರಿದಾಗಿತ್ತು. ಮಂಚದ ಮೇಲೆ ಕೂತರು.

ಕೂತದ್ದು ಹೇಗೆ ಗೊತ್ತೆ? ನಟ್ಟನಡುವೆ. ಬೆನ್ನು ನೆಟ್ಟಗೆ, ಎರಡೂ ಅಂಗೈ ಮೊಣಕಾಲಿನ ಮೇಲೆ, ಹತ್ತನೆಯ ತರಗತಿಯ ಗ್ರೂಪ್ ಫೋಟೋದಲ್ಲಿ ಕೂರುವ ಹಾಗೆ. ಉಳಿದ ಮಕ್ಕಳನ್ನೆಲ್ಲ ಅಳಿಸಿ ಅವರೊಬ್ಬರನ್ನೇ ಉಳಿಸಿದಂತೆ ಇತ್ತು. ನಾನು ಒರಗಿಕೊಳ್ಳಿ ಎಂದೆ, ಒರಗಿದರು, ಕೈ ಮೊಣಕಾಲಿನ ಮೇಲೇ ಇತ್ತು. ಕಿಟಕಿಯ ಕಡೆ ನೋಡಿ ಎಂದೆ, ನೋಡಿದರು, ಪರೀಕ್ಷೆಯಲ್ಲಿ ಯಾರೋ ಮಾತಾಡಿದ ಕಡೆ ನೋಡುವಂತೆ. ಮೂವತ್ತೋ ನಲವತ್ತೋ ತೆಗೆದೆ. ಒಂದರಲ್ಲೂ ಅವರಿರಲಿಲ್ಲ. ಗಾಜಿನ ಹಂಚಿನ ಬೆಳಕು ಮಾತ್ರ ತನ್ನ ಪಾಡಿಗೆ ಮಂಚದ ತುದಿಯ ಕಡೆ ಸರಿಯುತ್ತಿತ್ತು.

ಅಷ್ಟು ವರ್ಷ ಮಕ್ಕಳ ಮುಖ ಓದಿದವರಿಗೆ ನನ್ನ ಮುಖ ಓದುವುದು ಏನು ಮಹಾ. "ಬರ್ತಾ ಇಲ್ಲ ಅಲ್ದ?" ಎಂದರು.

"ಬರ್ತದೆ ಅಕ್ಕೋರೆ."

"ಸುಳ್ಳು ಹೇಳ್ಬೇಡ." ಸೆರಗನ್ನು ಎಳೆದು ಬರಿಯ ಭುಜವನ್ನು ಮುಚ್ಚಿಕೊಂಡರು. "ಬಿಡು ತಂಗಿ. ಕೆಲವರಿಗೆ ಬರುದಿಲ್ಲ. ಪಾಸಾಗದ ವಿಷಯ ಅಂತ ಒಂದು ಇರ್ತದೆ. ನಾ ಬಂಗಡೆ ಹುರಿತೆ, ಊಟ ಮಾಡ್ಕಂಡು ಹೋಗು."

ಅವರು ನಾಚಿದ್ದರೆ ತಡೆದುಕೊಳ್ಳುತ್ತಿದ್ದೆ, ಹೀಗೆ ಸಮಾಧಾನದಿಂದ ಒಪ್ಪಿಕೊಂಡದ್ದು ತಡೆಯಲಾಗಲಿಲ್ಲ. "ಇನ್ನೊಂದೇ ಅಕ್ಕೋರೆ. ಒಂದೇ ಒಂದು. ಮೊದಲಿನ ಹಂಗೇ ಕೂತ್ಕಳಿ" ಎಂದು ಬೇಡಿಕೊಂಡೆ. ಅವರು ನನ್ನ ಮೇಲಿನ ಕರುಣೆಯಿಂದಲೇ ಇರಬೇಕು, ಸೆರಗನ್ನು ಮತ್ತೆ ಜಾರಿಸಿ ಕೂತರು. ನಾನು ಕ್ಯಾಮೆರಾಕ್ಕೆ ಕಣ್ಣಿಟ್ಟೆ. ಉಸಿರು ಹಿಡಿದೆ. ಬೆರಳು ಗುಂಡಿಯ ಮೇಲೆ ಹೋಯಿತು. ಆಗ ನನ್ನ ಬಾಯಿ, ನನ್ನ ಅಪ್ಪನ ಬಾಯಿ, ಚೀಟಿಯನ್ನೂ ಲೆಕ್ಕಿಸದೆ, ಗಟ್ಟಿಯಾಗಿ ಹೇಳಿತು:

"ಅಕ್ಕೋರೆ, ಸೆರಗು ಸರಿ ಮಾಡ್ಕಳಿ."

ಹೇಳಿ ಸತ್ತೆ ಎಂದುಕೊಂಡೆ.

ಅಕ್ಕೋರ ಬಲಗೈ ಮೂವತ್ತೈದು ವರ್ಷದ ರೂಢಿಯಂತೆ ಠಪ್ಪನೆ ಎಡಹೆಗಲಿಗೆ ಹಾರಿತು, ಪಿನ್ನು ಇದೆಯೋ ಎಂದು ನೋಡಲು. ಪಿನ್ನು ಇರಲಿಲ್ಲ. ನೆರಿಗೆ ಇರಲಿಲ್ಲ. ಕುಪ್ಪಸವೇ ಇರಲಿಲ್ಲ. ಬೆರಳುಗಳು ಬರಿಯ ಭುಜದ ಮೇಲೆ ಎರಡು ಸಲ ಹುಡುಕಾಡಿ, ಅಲ್ಲಿಯೇ ನಿಂತವು. ಅವರು ತಲೆ ಬಾಗಿಸಿ ತಮ್ಮ ಕೈಯನ್ನು ನೋಡಿದರು. ಭುಜವನ್ನು ನೋಡಿದರು. ಆಮೇಲೆ ನನ್ನನ್ನು.

"ಯಾವ್ ಸೆರಗೇ, ಶೈಲಾ?"

ಅಷ್ಟು ಹೇಳುವಷ್ಟರಲ್ಲಿ ನಗು ಶುರುವಾಗಿತ್ತು. ಮೊದಲು ಹೊಟ್ಟೆಯಲ್ಲಿ, ಆಮೇಲೆ ಭುಜದಲ್ಲಿ. ಆಮೇಲೆ ತಲೆ ಹಿಂದಕ್ಕೆ ಹೋಗಿ, ಕೂದಲೆಲ್ಲ ಬೆನ್ನ ಮೇಲೆ ಚೆಲ್ಲಿ, ಕೈ ಹಾಗೆಯೇ ತಮ್ಮ ಭುಜವನ್ನು ಹಿಡಿದುಕೊಂಡು, ಕಣ್ಣು ಮುಚ್ಚಿ ನಕ್ಕರು. ಆ ನಗು ನಾನು ಕೇಳಿದ್ದೇ ಇಲ್ಲ. ಒಂಬತ್ತನೆಯ ತರಗತಿಯಲ್ಲಿ ಒಂದು ಹುಡುಗಿ ಹೀಗೆ ನಕ್ಕಿದ್ದರೆ ಅವಳನ್ನು ಅಕ್ಕೋರು ಹೊರಗೆ ಕಳಿಸುತ್ತಿದ್ದರು. ನಾನೂ ನಗುತ್ತಿದ್ದೆ, ಕಣ್ಣಲ್ಲಿ ನೀರು, ಏನೂ ಕಾಣುತ್ತಿರಲಿಲ್ಲ. ಬೆರಳು ಮಾತ್ರ ತನ್ನ ಕೆಲಸ ಮಾಡುತ್ತ ಹೋಯಿತು.

ಆಮೇಲೆ ಒಂದು ಗಂಟೆ ಎಲ್ಲ ಬಂತು. ಅವರು ಒರಗಿದರು, ಮಲಗಿದರು, ಕಿಟಕಿಯ ಸರಳಿಗೆ ಗದ್ದ ಇಟ್ಟು ಹಿತ್ತಿಲು ನೋಡಿದರು, ಒಮ್ಮೆ ಮಂಚದ ಮೂಲೆಗೆ ಹೋಗಿ ಮೊಣಕಾಲು ತಬ್ಬಿ ಕೂತು, "ಇದು ಮುನಿಸು. ತೆಗಿ" ಎಂದರು. ಗಾಜಿನ ಹಂಚಿನ ಬೆಳಕು ಮಂಚದಿಂದ ಇಳಿದು ನೆಲಕ್ಕೆ ಹೋದಾಗ ಅವರೂ ಅದರ ಹಿಂದೆಯೇ ಇಳಿದು ನೆಲದ ಮೇಲೆ ಕೂತರು. ನಾನು ಏನೂ ಹೇಳಬೇಕಾಗಲಿಲ್ಲ.

ಬಂಗಡೆ ಹುರಿದು ಊಟವಾದ ಮೇಲೆ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ತೆರೆದೆ. ಅಕ್ಕೋರು ಕನ್ನಡಕ ಒರೆಸಿ ಹಾಕಿಕೊಂಡರು. ಮೊದಲು ತೋರಿಸಿದ್ದು ಆ ನಗುವಿನದೇ. ಅವರು ಮುಂದಕ್ಕೆ ಬಾಗಿ ನೋಡಿದರು. ಉತ್ತರಪತ್ರಿಕೆ ಕೈಗೆ ಬರುವುದನ್ನು ಕಾಯುವಂತೆ ನಾನು ಪಕ್ಕದಲ್ಲಿ ನಿಂತಿದ್ದೆ. ಫೋಟೋದಲ್ಲಿ ಎಲ್ಲವೂ ಇತ್ತು: ಕುತ್ತಿಗೆಯ ಗೆರೆ, ಕಣ್ಣಿನ ಸುತ್ತಲಿನ ನೆರಿಗೆ, ತೋಳಿನ ಮೆತ್ತಗಾದ ಚರ್ಮ, ಎಡಭುಜದ ಮೇಲೆ ವರ್ಷಗಟ್ಟಲೆ ಪಿನ್ನು ಹಾಕಿದ ಜಾಗದಲ್ಲಿ ಚಿಕ್ಕ ಚಿಕ್ಕ ಕಪ್ಪು ಚುಕ್ಕೆಗಳು. ಅವರು ಏನೆನ್ನುತ್ತಾರೋ ಎಂದು ಹೆದರಿ ನಾನೇ ಮೊದಲು ಬಾಯಿ ಬಿಟ್ಟೆ.

"ಇದು ಹೀಗೇ ಅಲ್ಲ ಅಕ್ಕೋರೆ. ಸ್ವಲ್ಪ ಟಚಿಂಗ್ ಅದೆ. ಗೆರೆ, ಆ ಚುಕ್ಕೆ, ಎಲ್ಲ ತಿದ್ದಿ ಕೊಡ್ತೆ."

ಅಕ್ಕೋರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮೇಜಿನ ಮೇಲೆ ಅವರ ಬಲಗೈ ಕೆಂಪು ಪೆನ್ನು ಹಿಡಿದಂತೆ ಮೂರು ಬೆರಳು ಕೂಡಿಸಿಕೊಂಡಿತ್ತು. ಆ ಕೈ ನಿಧಾನವಾಗಿ ಫೋಟೋದ ಮೇಲೆ ಮೇಲಿನಿಂದ ಕೆಳಗೆ ಹೋಯಿತು. ಕೂದಲು, ಹಣೆ, ಬಾಯಿ, ಭುಜ. ಚುಕ್ಕೆಗಳ ಹತ್ತಿರ ಸ್ವಲ್ಪ ಹೊತ್ತು ನಿಂತಿತು.

"ಮೂವತ್ತೈದು ವರ್ಷ ತಿದ್ದಿದ್ದೆ ತಂಗಿ ನಾನು," ಎಂದರು. "ತಪ್ಪು ಎಲ್ಲಿದ್ರೂ ನಂಗೆ ಕಾಣ್ತದೆ."

ಕೈ ಕೆಳಗೆ ಬಂತು. ಬೆರಳು ಬಿಡಿಸಿಕೊಂಡವು.

"ಇದ್ರಲ್ಲಿ ತಿದ್ದುಕೆ ಎಂತದೂ ಇಲ್ಲ."